ನೀರು ಒಲ್ಲೆ ಎಂದ ಬೇಸಿಗೆ

ಸೊಂಟದ ಎಲುಬು ಮುರಿದುಕೊಂಡವರು ಡಾಕ್ಟರರನ್ನು ಮೊದಲು ಕೇಳುವುದು ಮತ್ತೆ ನಡೆಯುತ್ತೇನೋ ಇಲ್ಲವೋ ಎಂಬುದನ್ನಂತೆ. ನಾನು ಅದನ್ನು ಕೇಳಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಶನ್ ಆದ ಮರುದಿನ ಡಾಕ್ಟರರು ಹಾಸಿಗೆಯ ಹತ್ತಿರ ಬಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಸಂಡಾಸಕ್ಕ ನಾನೊಬ್ಬಾಕಿನ ಹೋಗೂದು ಯಾವಾಗ್ರಿ?" ಎಂದೆ. ಅವರು ನಕ್ಕರು. ಹಿಂದೆ ನಿಂತಿದ್ದ ನನ್ನ ಮಗ ಅಜಿತ ಕಿಟಕಿಯ ಕಡೆ ಮುಖ ತಿರುಗಿಸಿದ. ಆದರೆ ನನಗೆ ಆಗ ಇದ್ದದ್ದು ಅದೊಂದೇ ಚಿಂತೆ. ಮುಂದೆ ನಾನು ಮಾಡಿಕೊಂಡ ಅನಾಹುತವೆಲ್ಲ ಅದರಿಂದಲೇ ಹುಟ್ಟಿತು.

ನಾನು ಖಾನಾಪುರದವಳು. ಯಜಮಾನರು ಹೋದ ಮೇಲೆ ಅಜಿತನನ್ನು ಕಟ್ಟಿಕೊಂಡು ಕಿರಾಣಿ ಅಂಗಡಿ ನಡೆಸಿದವಳು. ಎಪ್ಪತ್ತು ಹತ್ತಿರ ಬಂದರೂ ಬೆಳಿಗ್ಗೆ ಬಸದಿಗೆ ಹೋಗಿ ಬಂದು ಗಾದಿಯ ಮೇಲೆ ಕುಳಿತೆನೆಂದರೆ ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ, ಜಗಳಕ್ಕೆ ಬಂದವರಿಗೆ ಎರಡೂ. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಅಂಗಡಿಯಲ್ಲಿ ಸಾಸಿವೆಯ ಚೀಲ ಬಿಚ್ಚಿ ನೆಲದ ತುಂಬ ಚೆಲ್ಲಿತು. "ತಡೀರಿ ಅತ್ತಿ, ಕಸಬರಗಿ ತರ್ತೀನಿ" ಎಂದು ಸೊಸೆ ಪದ್ಮಾ ಒಳಗೆ ಹೋದಳು. ತಡೆಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಗಾದಿಯಿಂದ ಇಳಿದು ಸಾಸಿವೆಯ ಮೇಲೆ ಕಾಲಿಟ್ಟೆ. ಆಮೇಲೆ ಗೊತ್ತಾದದ್ದು, ನಾನು ನೆಲದ ಮೇಲಿದ್ದೇನೆ, ಎಡಗಾಲು ತನ್ನದಲ್ಲದ ದಿಕ್ಕಿಗೆ ತಿರುಗಿದೆ. ಬೆಲ್ಲಕ್ಕೆ ಬಂದಿದ್ದ ಮುದುಕ ಒಬ್ಬ "ಆಜಿ, ಉಠೂ ನಕಾ" ಎಂದು, ಏಳಬೇಡವೆಂದು, ನನ್ನ ಭುಜ ಒತ್ತಿ ಹಿಡಿದು ಕುಳಿತ. ಅಷ್ಟು ನೋವಿನಲ್ಲೂ ನಾನು ಮಾಡಿದ ಮೊದಲ ಕೆಲಸ ಮೊಣಕಾಲ ಮೇಲಿನ ಸೀರೆ ಕೆಳಗೆಳೆದದ್ದು.

ಬೆಳಗಾವಿಯಲ್ಲಿ ಮುರಿದ ಎಲುಬಿನ ತಲೆಯನ್ನು ತೆಗೆದು ಸ್ಟೀಲಿನ ಚೆಂಡು ಕೂರಿಸಿದರು. ಆಪರೇಶನ್ನಿನ ಹೆದರಿಕೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಒಳಗೆ ಹೋದೆ, ಅರ್ಧಕ್ಕೆ ನಿದ್ದೆ ಬಂತು. ಹೆದರಿಕೆಗಿಂತ ದೊಡ್ಡದು ಆಮೇಲೆ ಬಂತು. ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕುಕ್ಕರುಗಾಲಲ್ಲಿ ಕೂರುವುದಂತೂ ಈ ಜನ್ಮಕ್ಕೆ ಮುಗಿಯಿತು ಎಂದರು ಡಾಕ್ಟರರು. ಖಾನಾಪುರದ ನಮ್ಮ ಸಂಡಾಸ ಹಿತ್ತಲಲ್ಲಿ, ಮೆಟ್ಟಿಲಿಳಿದು ಹೋಗಿ ಕುಕ್ಕರು ಕೂರುವಂಥದ್ದು. ಹಾಗಾಗಿ, ನನ್ನನ್ನು ಒಂದು ಮಾತೂ ಕೇಳದೆ, ಬೆಳಗಾವಿಯಲ್ಲೇ ಹಿಂದವಾಡಿಯಲ್ಲಿರುವ ಮಗಳು ಸುಜಾತಾಳ ಮನೆಗೆ ಒಯ್ಯುವುದೆಂದು ತೀರ್ಮಾನವಾಯಿತು.

ಮಗಳ ಮನೆಯಲ್ಲಿ ಉಂಡು, ಹರಟೆ ಹೊಡೆದು, ಸಂಜೆಯ ಬಸ್ಸಿಗೆ ತಿರುಗಿ ಬರಬೇಕು ಎಂದು ತಿಳಿದು ಬೆಳೆದವಳು ನಾನು. ಅಲ್ಲಿ ಹಾಸಿಗೆ ಹಿಡಿದು ಮಲಗುವುದೇ ಒಂದು ಸಂಕೋಚ. ಅದರ ಮೇಲೆ ಅಳಿಯಂದಿರು. ಸುಜಾತಾ ಸಾಲಿಯ ಟೀಚರು, ಬೆಳಿಗ್ಗೆ ಬೇಗ ಹೋದರೆ ಮಧ್ಯಾಹ್ನ ದಾಟಿದ ಮೇಲೆ ಬರುವುದು. ಅಳಿಯ ಭರತೇಶ ಊರಾಚೆ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಾರೆ. ಆಗ ಅವರಿಗೆ ಎರಡನೇ ಪಾಳಿ. ಅಂದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಯಲ್ಲಿ ನಾನು ಮತ್ತು ಅಳಿಯ, ಇಬ್ಬರೇ. ಹೆಣ್ಣಾಳೊಬ್ಬಳನ್ನು ಗೊತ್ತು ಮಾಡಿದ್ದರು. ಅವಳು ನಾಲ್ಕು ದಿನ ಬಂದು, ಮಗಳ ಬಾಣಂತನವೆಂದು ಹೊರಟುಹೋದಳು.

ನಮ್ಮಲ್ಲಿ ಅಳಿಯನೆಂದರೆ ಏನು ಎಂದು ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ಮದುವೆಯಲ್ಲಿ ಈ ಕೈಯಿಂದಲೇ ಅವರ ಪಾದ ತೊಳೆದಿದ್ದೆ. ಅವರು ಮನೆಗೆ ಬಂದರೆ ಇಂದಿಗೂ ತಲೆಯ ಮೇಲೆ ಸೆರಗು ಹೊದೆಯುತ್ತೇನೆ, ಅವರ ಸರಿಸಮ ಕುರ್ಚಿಯಲ್ಲಿ ಕುಳಿತವಳಲ್ಲ. ಅಂಥ ಮನುಷ್ಯ ಈಗ ನನ್ನ ಎರಡೂ ಕಂಕುಳಿಗೆ ಕೈಕೊಟ್ಟು ಹಾಸಿಗೆಯಿಂದ ಎಬ್ಬಿಸಿ, ಪಕ್ಕದಲ್ಲಿಟ್ಟ ಕಮೋಡ್ ಕುರ್ಚಿಯ ಮೇಲೆ ಕೂರಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲಬೇಕು. ಮುಗಿಯಿತೆಂದು ಕರೆಯಲು ನನಗೆ ಬಾಯಿ ಬಾರದು. ವಾಕರನ್ನು ನೆಲಕ್ಕೆ ಕುಟ್ಟುತ್ತಿದ್ದೆ. ಅವರು ಗೋಡೆ ನೋಡುತ್ತ ಒಳಗೆ ಬಂದು ನನ್ನನ್ನು ಮಲಗಿಸಿ, ಕುರ್ಚಿಯ ಕೆಳಗಿನ ಬಕೆಟ್ಟನ್ನು ಹಳೆಯ ಪೇಪರಿನಿಂದ ಮುಚ್ಚಿ ಒಯ್ಯುತ್ತಿದ್ದರು. ಆಮೇಲೆ ಬಚ್ಚಲಿನಿಂದ ನೀರು ಸುರಿಯುವ ಸಪ್ಪಳ. ಆ ಸಪ್ಪಳ ಕೇಳುತ್ತ ಗೋಡೆಗೆ ಮುಖ ಮಾಡಿ ಮಲಗಿ, ಬಿದ್ದಾಗಲೇ ಪ್ರಾಣ ಹೋಗಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಸುಳ್ಳಲ್ಲ, ಮನಸ್ಸಿನ ತಳದಿಂದ ಅಂದುಕೊಂಡೆ.

ಮೊದಲನೆಯ ದಿನ ಹೀಗೆ ಕಳೆಯಿತು, ಎರಡನೆಯದೂ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಸುಜಾತಾ ಸಾಲಿಗೆ ಹೊರಡುವ ಮುಂಚೆ ನೀರಿನ ತಂಬಿಗೆ ತಂದಿಟ್ಟಾಗ ನನ್ನ ಬಾಯಿಂದ ತಾನೇ ತಾನಾಗಿ ಮಾತು ಬಂತು.

"ಒಲ್ಲೆ. ಇವತ್ತಿಂದ ಒಪ್ಪತ್ತಿನ ನೇಮ ಹಿಡದೀನಿ."

"ಇಂಥಾದ್ರಾಗ ಎಂಥಾ ಒಪ್ಪತ್ತವ್ವ?" ಎಂದಳು ಅವಳು.

"ದೇವರು ಉಳಿಸ್ಯಾನ. ಅಷ್ಟೂ ಮಾಡಬಾರದೇನು? ನೀ ಬಂದ ಮ್ಯಾಲೆ ಒಮ್ಮೆ ಉಣ್ತೀನಿ, ಆವಾಗ ನೀರು ಕುಡೀತೀನಿ. ನಡುವ ಏನೂ ಬ್ಯಾಡ."

ನಮ್ಮ ಜೈನರ ಮನೆಯಲ್ಲಿ ನೇಮವೆಂದರೆ ಯಾರೂ ಎದುರಾಡುವುದಿಲ್ಲ. ದಿನಕ್ಕೆ ಒಂದೇ ಸಲ ಉಂಡು, ಆಗಲೇ ನೀರು ಕುಡಿದು ಏಳುವವರನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ನಾನೂ ಗಟ್ಟಿಯಿದ್ದಾಗ ಪರ್ವದ ದಿನಗಳಲ್ಲಿ ಮಾಡಿದ್ದೆ. ಸುಜಾತಾ ಕೈ ಮುಗಿದು ಹೋದಳು. ನನ್ನ ಲೆಕ್ಕ ಸರಳವಾಗಿತ್ತು. ಮಗಳು ಬಂದ ಮೇಲೆ ಕುಡಿದರೆ ಕುರ್ಚಿಗೆ ಹೋಗುವ ಹೊತ್ತಿಗೆ ಅವಳು ಮನೆಯಲ್ಲಿರುತ್ತಾಳೆ. ಕುಡಿಯದೇ ಇದ್ದರೆ ಅಳಿಯಂದಿರ ಹೊತ್ತಿನಲ್ಲಿ ಬಕೆಟ್ಟಿನ ಮಾತೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ಮುಚ್ಚಿ ನೀರು ಬಿಟ್ಟೆ.

ಬೇಸಿಗೆ ಏರುತ್ತಿತ್ತು. ಬೆಳಗಾವಿಯ ಬೇಸಿಗೆ ತಂಪು ಎನ್ನುವವರು ಶೀಟಿನ ಮಾಡಿನ ಕೋಣೆಯಲ್ಲಿ ನೀರಿಲ್ಲದೆ ಮಲಗಿ ನೋಡಬೇಕು. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಬೆಳಗಿನ ಗುಳಿಗೆಗಳನ್ನೂ ಊಟದ ಹೊತ್ತಿಗೆ ಕೂಡಿಸಿ ನುಂಗುತ್ತಿದ್ದೆ. ಭರತೇಶ ಅವರು ಆಗಾಗ ಬಾಗಿಲಲ್ಲಿ ನಿಂತು, "ಆಯಿ, ಏನಾರ ಬೇಕೇನ್ರಿ?" ಎನ್ನುತ್ತಿದ್ದರು. ಈಗ ಹಾಸ್ಟೆಲಿನಲ್ಲಿ ಓದುತ್ತಿರುವ ಮೊಮ್ಮಗಳು ಹುಟ್ಟಿದ ದಿನದಿಂದ ಅವರೂ ನನ್ನನ್ನು ಅವಳ ಹಾಗೆ ಆಯಿ ಎಂದೇ ಕರೆಯುವುದು. "ಏನೂ ಬ್ಯಾಡ್ರಿ" ಎನ್ನುತ್ತಿದ್ದೆ, ಮುಖ ನೋಡದೆ.

ಆ ದಿನಗಳಲ್ಲಿ ಅವರು ಕೆಲವು ವಿಚಿತ್ರ ಕೆಲಸ ಶುರು ಮಾಡಿದ್ದರು. ಒಮ್ಮೆ ಸ್ನಾನ ಮಾಡಿದವರು ಅಡುಗೆಮನೆಗೆ ಹೋಗುವ ಮುಂಚೆ ಇನ್ನೊಮ್ಮೆ ಮಾಡುವರು. ನನಗೆಂದೇ ಬೇರೆ ಹೊಸ ಚರಿಗೆ, ಲೋಟ ತಂದರು. ನೀರು ಸೋಸುವ ಬಟ್ಟೆಯನ್ನು ತಾವೇ ತೊಳೆದು ನನಗೆ ಕಾಣುವ ಹಾಗೆ ಕಿಟಕಿಗೆ ಹರವುವರು. ಇದೇನು ಅಳಿಯಂದಿರಿಗೆ ಹೊಸದಾಗಿ ಮಡಿಯ ಹುಚ್ಚು ಹಿಡಿಯಿತಲ್ಲ ಎಂದು ಒಳಗೊಳಗೇ ನಕ್ಕೆ. ನನ್ನ ನೇಮ ನೋಡಿ ಭಕ್ತಿ ಬಂತೆಂದು ಬೀಗಿದೆನೆಂದರೂ ತಪ್ಪಿಲ್ಲ.

ಬೀಗಲು ಬೇರೆಯವರೂ ಕಲಿಸಿದರು. ಸುದ್ದಿ ಬಸದಿಯವರೆಗೆ ಹೋಗಿತ್ತು. ಒಂದು ಮಧ್ಯಾಹ್ನ ನಾಲ್ಕೈದು ಹೆಣ್ಣುಮಕ್ಕಳು ನೋಡಲು ಬಂದರು. ಅಭಿಷೇಕದ ಗಂಧೋದಕ ತಂದು ನನ್ನ ಹಣೆಗೆ, ಸೊಂಟಕ್ಕೆ ಹಚ್ಚಿದರು. ಅವರಲ್ಲೊಬ್ಬಳು, "ಮುರದ ಕಾಲಾಗೂ ಒಪ್ಪತ್ತು ಮಾಡ್ತೀರಲ್ರಿ, ನಮಗ ನೆಟ್ಟಗಿದ್ದವ್ರಿಗೇ ಆಗೂದಿಲ್ಲ" ಎಂದು ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ನಾನು ಸುಮ್ಮನೆ ಮಲಗಿದ್ದೆ. ಬೇಡ ಎನ್ನಬಹುದಿತ್ತು. ಕಾಲು ಎಳೆದುಕೊಳ್ಳಬಹುದಿತ್ತು, ಒಂದು ಕಾಲಾದರೂ ಚೆನ್ನಾಗಿತ್ತಲ್ಲ. ಬಕೆಟ್ಟಿಗೆ ನಾಚಿ ಹಿಡಿದ ವ್ರತಕ್ಕೆ ನಮಸ್ಕಾರ ಸ್ವೀಕರಿಸಿದೆ. ಆ ಹೆಣ್ಣುಮಗಳಿಗೆ ನಾನು ಇನ್ನೂ ನಿಜ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಇತ್ತ ಕಾಲು ಕೈಕೊಡುತ್ತಿತ್ತು. ವ್ಯಾಯಾಮ ಮಾಡಿಸಲು ಫಿಸಿಯೊದ ಹುಡುಗಿ ಬರುತ್ತಿದ್ದಳು. ಮೊದಮೊದಲು ವಾಕರ್ ಹಿಡಿದು ಬಾಗಿಲ ತನಕ ಹೋಗುತ್ತಿದ್ದವಳು ಈಗ ನಿಂತರೆ ಕಣ್ಣಿಗೆ ಕತ್ತಲೆ ಬಂದು ಕುಸಿಯುತ್ತಿದ್ದೆ. "ಆಯಿ, ಮದಲ ಛಲೋ ಮಾಡ್ತಿದ್ರಿ, ಈಗ ಹಿಂದ ಹೊಂಟೀರಿ. ನೀರು ಕುಡೀತೀರಿಲ್ಲೋ?" ಎಂದಳು. "ಕುಡೀತೀನಿ" ಎಂದೆ. ಅದು ಸುಳ್ಳೆನ್ನುವಂತಿಲ್ಲ, ದಿನಕ್ಕೊಮ್ಮೆ ಕುಡಿಯುತ್ತಿದ್ದೆ. ಸಂಡಾಸಕ್ಕೆ ನಾನೇ ನಡೆದುಹೋಗಲು ಕಾಲಿಗೆ ಬಲ ಬೇಕಿತ್ತು. ಆ ಕಾಲನ್ನೇ ನಾನು ಉಪವಾಸ ಕೆಡವಿದ್ದೆ. ಇಷ್ಟು ಸಣ್ಣ ಮಾತು ಅಂಗಡಿ ನಡೆಸಿದ ತಲೆಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಸುಜಾತಾ ಹೋದ ಮೇಲೆ ಚಳಿ ಹತ್ತಿತು. ಬೇಸಿಗೆಯಲ್ಲಿ ಹಲ್ಲು ಕಟಕಟ ಎನ್ನುವಷ್ಟು ಚಳಿ. ಆಮೇಲಿನದು ನನಗೆ ಅಲ್ಲಲ್ಲಿ ಮಾತ್ರ ನೆನಪಿದೆ. ನಾನು ಖಾನಾಪುರದ ಅಂಗಡಿಯಲ್ಲಿದ್ದೆ, ಜನ ಮುಕುರಿದ್ದರು, ನನ್ನ ಸೀರೆ ಒದ್ದೆಯಾಗಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ನಿಜದಲ್ಲಿ ಒದ್ದೆಯಾದದ್ದು ಹಾಸಿಗೆ. ಬಟ್ಟೆ ಬದಲಿಸಲು ಬಂದ ಅಳಿಯಂದಿರ ಕೈಯನ್ನು ನಾನು ತಳ್ಳಿದೆನಂತೆ. "ಮುಟ್ಟಬ್ಯಾಡ, ನೀ ಮುಟ್ಟಬ್ಯಾಡ, ಹೊರಗ ನಿಂದ್ರು" ಎಂದು ಏಕವಚನದಲ್ಲಿ ಕೂಗಿದೆನಂತೆ. ಅವರು ಚಾದರು ಸುತ್ತಿ ನನ್ನನ್ನು ಎತ್ತಿಕೊಂಡೇ ಆಟೋದವರೆಗೆ ಬಂದರೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು.

ಮತ್ತೆ ಅದೇ ಆಸ್ಪತ್ರೆ, ಸಲೈನು, ಮೂತ್ರಕ್ಕೆ ನಳಿಕೆ. ಮೂತ್ರದಲ್ಲಿ ಸೋಂಕಾಗಿ ಅದು ರಕ್ತಕ್ಕೆ ಏರಿತ್ತು. ಸ್ಟೀಲಿನ ಚೆಂಡಿಗೆ ಸೋಂಕು ತಗಲಿದರೆ ಮತ್ತೆ ಕೊಯ್ದು ತೆಗೆಯಬೇಕಾಗುತ್ತದೆ, ಆಮೇಲೆ ಈ ಕಾಲಿನ ಮೇಲೆ ನಿಲ್ಲುವ ಆಸೆ ಬಿಡಬೇಕು ಎಂದರು ಡಾಕ್ಟರರು. "ದಿನಕ್ಕ ನೀರು ಎಷ್ಟು ಕುಡೀತಾರ?" ಎಂದು ಕೇಳಿದರು.

ಸುಜಾತಾ ಹೆಮ್ಮೆಯಿಂದಲೇ ಹೇಳಿದಳು, "ನಮ್ಮವ್ವಂದು ಒಪ್ಪತ್ತಿನ ನೇಮ ಐತ್ರಿ."

ಡಾಕ್ಟರರು ನನ್ನನ್ನೇ ನೋಡಿದರು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗಿದೆ. ಇನ್ನೂ ಸುಳ್ಳು ಬಿಟ್ಟಿರಲಿಲ್ಲ ನೋಡಿ.

ಜ್ವರ ಇಳಿದ ದಿನ ಸುಜಾತಾ ಬಟ್ಟೆ ತರಲು ಮನೆಗೆ ಹೋಗಿದ್ದಳು. ಭರತೇಶ ಅವರು ರಜೆ ಹಾಕಿ ನನ್ನ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದರು. ತಮ್ಮ ಬೆರಳು ನೋಡಿಕೊಳ್ಳುತ್ತ, "ಆಯಿ, ಒಂದು ಮಾತು ಕೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ" ಎಂದರು.

"ಕೇಳ್ರಿ."

"ನಾ ಆಮ್ಲೇಟ ತಿಂತಿದ್ದದ್ದು ನಿಮಗ ಯಾರು ಹೇಳಿದ್ರು?"

ನನಗೆ ಜ್ವರ ಮತ್ತೆ ಏರಿತೇನೋ ಎನಿಸಿತು. "ಯಾವ ಆಮ್ಲೇಟ್ರಿ?"

"ಕಾರ್ಖಾನಿ ಹೊರಗ ಗಾಡಿ ನಿಂದರತೈತಿ. ಪಾಳಿ ಮುಗದ ಮ್ಯಾಲೆ ಒಮ್ಮೊಮ್ಮೆ ತಿಂತಿದ್ದೆ. ಸುಜಾತಾಗೂ ಗೊತ್ತಿಲ್ಲ. ನೀವು ನಮ್ಮನಿಗಿ ಬಂದ ದಿನಾನ ಬಿಟ್ಟೀನಿ, ಖರೇ ಹೇಳ್ತೀನಿ. ಆದ್ರ ನಿಮಗ ಗೊತ್ತಾಗಿರಬೇಕು. ಅದಕ್ಕ ನನ್ನ ಕೈಯಾಗಿನ ನೀರು ನಡೀಬಾರದಂತ ಒಪ್ಪತ್ತು ಹಿಡದ್ರಿ. ನಾ ಎರಡೆರಡು ಸರತಿ ಜಳಕಾ ಮಾಡಿದೆ. ಹೊಸಾ ಭಾಂಡೆ ತಂದೆ. ಆದ್ರೂ ನೀವು ತಗೋಳಿಲ್ಲ. ಮೊನ್ನೆ ಮುಟ್ಟಬ್ಯಾಡ ಅಂದ್ರಿ. ಹಂಗಾರ ನೀವು ಹಿಂಗಾಗಾಕ ನಾನಽ ಕಾರಣ ಆದ್ನಿ."

ಅವರು ಅಳುತ್ತಿರಲಿಲ್ಲ, ಆದರೆ ಬೆರಳಿನಿಂದ ಕಣ್ಣೆತ್ತಲಿಲ್ಲ. ನನಗೆ ಹೇಗಾಗಿರಬೇಕು, ಯೋಚಿಸಿ. ನಾನು ಅವರ ಮುಂದೆ ನಾಚಿ ಸಾಯುತ್ತಿದ್ದಾಗ ಅವರು ಅದೇ ಮನೆಯಲ್ಲಿ, ಅದೇ ಬಾಗಿಲಿನ ಆಚೆ, ನನ್ನ ಮುಂದೆ ನಾಚಿ ಸಾಯುತ್ತಿದ್ದರು. ನಾನು ನಕ್ಕ ಎರಡನೆಯ ಸ್ನಾನ ಅದಕ್ಕಾಗಿತ್ತು. ಕಿಟಕಿಗೆ ಹರವಿದ ಬಟ್ಟೆ ಅದಕ್ಕಾಗಿತ್ತು. ನನ್ನ ಹೊಲಸನ್ನು ಒಂದು ಮಾತಿಲ್ಲದೆ ಎತ್ತಿದ ಮನುಷ್ಯ ತನ್ನ ಕೈಯೇ ಹೊಲಸೆಂದು ತಿಳಿಯುವಂತೆ ಮಾಡಿದ್ದೆ ನಾನು. ಬಿದ್ದ ದಿನದ ನೋವು ಇದರ ಮುಂದೆ ಏನೂ ಅಲ್ಲ.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅದರ ಒಳಗಿನಿಂದಲೇ ಹೇಳಿದೆ.

"ಆಮ್ಲೇಟ ಗೀಮ್ಲೇಟ ನನಗ ಗೊತ್ತಿಲ್ರಿ. ಅದು ನೇಮಾನೂ ಅಲ್ಲ. ನೀರು ಕುಡದ್ರ ಒಂದಕ್ಕ ಬರತೈತಿ. ಬಂದ್ರ ನೀವು ಬಕೆಟ್ ಎತ್ತಬೇಕಾಗತೈತಿ. ಅದಕ್ಕ ಕುಡೀಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ "ಅಯ್ಯೋ ಆಯಿ, ನೀವು ನನ್ನ ತಾಯಿ ಇದ್ದಂಗ" ಎಂದು ಏನಾದರೂ ಹೇಳಿ ಮುಗಿಸುತ್ತಿದ್ದರು. ಅವರು ಹಾಗೆ ಹೇಳಲಿಲ್ಲ.

"ಖರೇ ಹೇಳ್ಬೇಕಂದ್ರ ಆಯಿ, ಮದಲನೇ ದಿನ ನನಗ ಹೇಸಿಗಿ ಬಂದಿತ್ತು. ಅವತ್ತು ಉಣ್ಣಾಕ ಆಗ್ಲಿಲ್ಲ. ಎರಡನೇ ದಿನ ಅಷ್ಟು ಬರ್ಲಿಲ್ಲ. ಮೂರನೇ ದಿನದಿಂದ ನೀವು ರೂಢಿ ಆಗಾಕ ಬಿಡ್ಲೇ ಇಲ್ಲ."

ಸೆರಗಿನ ಒಳಗೆ ನನಗೆ ನಗು ಬಂತು. ನಗು ಬಂದದ್ದೇ ಅಳುವೂ ಬಂತು. ಹೇಸಿಗೆ ಬಂದಿತ್ತು ಎಂದು ಅವರು ಹೇಳಿದ್ದು ಎಂಥ ದೊಡ್ಡ ಉಪಕಾರವೆಂದು ಹಾಸಿಗೆ ಹಿಡಿದವರಿಗಷ್ಟೇ ಗೊತ್ತು. ಏನೂ ಅನಿಸಲಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ, ಮತ್ತೆ ನೀರು ಬಿಡುತ್ತಿದ್ದೆ.

ಸೋಂಕು ಚೆಂಡಿನ ತನಕ ಹೋಗಿರಲಿಲ್ಲ. ಹಿಂದವಾಡಿಗೆ ತಿರುಗಿ ಬಂದ ಮೇಲೆ ಸುಜಾತಾ ಸಾಲಿಗೆ ಹೋದ ಮೊದಲ ಬೆಳಿಗ್ಗೆ ಲೋಟ ತುಂಬ ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ಆಗಬೇಕಾದ್ದೇ ಆಯಿತು. ವಾಕರ್ ಕುಟ್ಟಲು ಕೈ ಹೋಯಿತು. ಕುಟ್ಟಲಿಲ್ಲ. "ಭರತೇಶ ಅವರ, ಸ್ವಲ್ಪ ಬರ್ರಿ, ಕುರ್ಚಿಗಿ ಹೋಗಬೇಕು" ಎಂದು ಬಾಯಿಬಿಟ್ಟು ಕರೆದೆ. ನಾಚಿಕೆ ಎಲ್ಲಿಗೂ ಹೋಗಿರಲಿಲ್ಲ, ಕಿವಿ ಸುಡುತ್ತಿತ್ತು. ಅದನ್ನು ಇಟ್ಟುಕೊಂಡೇ ಕರೆದೆ. ಅವರು ಗೋಡೆ ನೋಡುತ್ತಲೇ ಬಂದರು. ಅವರದೂ ಹೋಗಿರಲಿಲ್ಲ. ಸುಜಾತಾಳಿಗೆ ಒಪ್ಪತ್ತಿನ ನಿಜ ನಾನು ಹೇಳಿದೆ. ಆಮ್ಲೇಟಿನದನ್ನು ಅವರೇ ಹೇಳಿಕೊಂಡು ಒಂದು ವಾರ ಬೈಸಿಕೊಂಡರು. ನನಗೆ ಅವಳು ಬೈಯಲಿಲ್ಲ, ಮಾತು ಬಿಟ್ಟಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ನೀರು, ಅನ್ನ ಹೊಟ್ಟೆಗೆ ಬಿದ್ದ ಮೇಲೆ ಕಾಲು ಮಾತು ಕೇಳತೊಡಗಿತು. ವಾಕರ್ ಹಿಡಿದು ಬಾಗಿಲು, ಆಮೇಲೆ ಪಡಸಾಲೆ, ಮಳೆಗಾಲ ಹಿಡಿಯುವ ಹೊತ್ತಿಗೆ ಸಂಡಾಸ. ಒಳಗೆ ಹೋಗಿ ಚಿಲಕ ಹಾಕಿಕೊಂಡ ದಿನ ಸುಮ್ಮನೆ ಅಲ್ಲೇ ಕುಳಿತುಬಿಟ್ಟೆ. ಹೊರಗಿನಿಂದ ಫಿಸಿಯೊದ ಹುಡುಗಿ ಚಿಲಕ ಹಾಕಬಾರದೆಂದು ಬೈಯುತ್ತಿದ್ದಳು.

ಈಗ ಖಾನಾಪುರದಲ್ಲಿದ್ದೇನೆ. ಅಜಿತ ಹಿತ್ತಲಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದಾನೆ, ಸಂಡಾಸಕ್ಕೆ ಎತ್ತರದ ಕಮೋಡು ಹಾಕಿಸಿದ್ದಾನೆ. ಗಾದಿಯ ಬದಲು ಕುರ್ಚಿ. ಬಸದಿಯಲ್ಲಿ ಎಲ್ಲರೂ ನೆಲದ ಮೇಲೆ, ನಾನೊಬ್ಬಳು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೇಲೆ ಕುಳಿತೆನಲ್ಲ ಎಂದು ಇಂದಿಗೂ ಮೈ ಹಿಡಿಯಾಗುತ್ತದೆ. ಬಗ್ಗಲು ಬಾರದ್ದಕ್ಕೆ, ಅಂಗಡಿಯ ಮೇಲಿನ ಸಾಲಿನಿಂದ ಪಾಕೀಟು ಇಳಿಸುವ ಕೊಕ್ಕೆಯ ಕೋಲಿನಿಂದ ಒಳಲಂಗ ಎಳೆದುಕೊಳ್ಳುತ್ತೇನೆ. ಕಾಲಿನ ಉಗುರು ಪದ್ಮಾ ತೆಗೆಯುತ್ತಾಳೆ. ಅವಳು ನನ್ನ ಪಾದ ಮಡಿಲಲ್ಲಿಟ್ಟುಕೊಂಡಾಗ ನಾನು ಬೀದಿ ನೋಡುತ್ತೇನೆ.

ಕಳೆದ ತಿಂಗಳು ಕಾಲು ತೋರಿಸಿಕೊಂಡು ಬರಲು ಬೆಳಗಾವಿಯ ಅದೇ ಆಸ್ಪತ್ರೆಗೆ ಹೋಗಿದ್ದೆ. ಜೊತೆಗೆ ಭರತೇಶ ಅವರು. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ನನ್ನದೇ ವಯಸ್ಸಿನ ಒಬ್ಬಳು ವಾಕರ್ ಹಿಡಿದು ಕುಳಿತಿದ್ದಳು. ತುಟಿ ಬಿರಿದಿತ್ತು. ಮಗ ಬಾಟಲಿ ಮುಂದೆ ಹಿಡಿದರೆ, "ಒಲ್ಲೆಪಾ, ನೀರಡಿಕಿ ಇಲ್ಲ" ಎಂದಳು. ಎರಡನೆಯ ಸಲವೂ ಹಾಗೇ ಎಂದಳು. ಆ "ನೀರಡಿಕಿ ಇಲ್ಲ" ನನಗೆ ಗೊತ್ತಿತ್ತು.

ಅವಳ ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಕಿವಿಯಲ್ಲಿ ಹೇಳಿದರೆ ಅದು ಕಿವಿಯಲ್ಲಿ ಹೇಳುವಂಥ ಮಾತೇ ಆಗಿ ಉಳಿಯುತ್ತದೆ. ಭರತೇಶ ಅವರ ಕಡೆ ಕೈ ತೋರಿಸಿ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ. "ಅಕ್ಕಾರ, ಇವರು ನಮ್ಮ ಅಳಿಯಂದ್ರು. ನನ್ನ ಉಚ್ಚಿ ಬಕೆಟ್ ಇವರಽ ಎತ್ತ್ಯಾರ. ನಾಚಿಕಿ ಆಗತೈತಿ, ಭಾಳ ಆಗತೈತಿ. ಆದ್ರೂ ನೀರು ಕುಡೀರಿ."

ಎಲ್ಲರೂ ನೆಲ ನೋಡಿದರು. ಭರತೇಶ ಅವರು ಗೋಡೆ ನೋಡಿದರು. ಆ ಹೆಣ್ಣುಮಗಳು ನನ್ನ ಮುಖ ನೋಡಿ ಮಗನ ಕಡೆ ತಿರುಗಿದಳು.

"ಇಲ್ಲಿ ಸಂಡಾಸ ಎಲ್ಲೈತಿ, ಮದಲ ಅದನ್ನ ನೋಡಿ ಬಾ" ಎಂದಳು.

ಅವನು ಕೇಳಿಕೊಂಡು, ಹುಡುಕಿ ತಿರುಗಿ ಬರುವಷ್ಟರಲ್ಲಿ ಬಾಟಲಿಯ ನೀರು ಅರ್ಧಕ್ಕೆ ಇಳಿದಿತ್ತು.